ಹಾಸಿಗೆಯ ಪಕ್ಕದ ಮೊಬೈಲ್: ರೋಗಿಯ ಗಮನ, ನೆನಪುಗಳನ್ನು ಅಳೆಯುವುದು ಹೇಗೆ?

ಬೆಳಗಿನ ರೌಂಡ್ಸ್‌ನಲ್ಲಿ ನಾಡಿ, ಜ್ವರ, ರಕ್ತದೊತ್ತಡ, ಮೂತ್ರದ ಪ್ರಮಾಣ ಎಲ್ಲವೂ ಕೇಸ್ ಶೀಟಿಗೆ ಏರುತ್ತವೆ. ರೋಗಿಯ ಗಮನ ಎಷ್ಟು ಹೊತ್ತು ನಿಲ್ಲುತ್ತಿದೆ ಎಂಬುದಕ್ಕೆ ಮಾತ್ರ ಅಲ್ಲಿ ಜಾಗವಿರುವುದಿಲ್ಲ. ‘ಅಜ್ಜ ಸುಮ್ಮನೆ ಮಲಗಿದ್ದಾರೆ, ಯಾರಿಗೂ ತ್ರಾಸು ಕೊಡುತ್ತಿಲ್ಲ’ ಎಂದು ಮುಂದಿನ ಹಾಸಿಗೆಗೆ ಹೋಗಿಬಿಡುತ್ತೇವೆ. ಆ ಸುಮ್ಮನಿರುವಿಕೆಯೇ ಕಾಯಿಲೆಯ ಲಕ್ಷಣವಾಗಿರಬಹುದು. ಕೂಗಾಡುವ, ಸಲೈನ್ ಸೂಜಿ ಕಿತ್ತುಕೊಳ್ಳುವ ರೋಗಿಯ ಡೆಲಿರಿಯಂ (ಕಾಯಿಲೆಯಿಂದ ಹಠಾತ್ತಾಗಿ ಬರುವ ಗಲಿಬಿಲಿ) ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಕಾಗಿ ಮಲಗಿದವರ ಡೆಲಿರಿಯಂ ಹುಡುಕಿ ನೋಡಿದರಷ್ಟೇ ಸಿಗುತ್ತದೆ.

ಹೀಗೆ ಹುಡುಕಲು ಸ್ಮಾರ್ಟ್‌ಫೋನ್ ನೆರವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಾರ್ಡುಗಳಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳು, ಹೌಸ್ ಸರ್ಜನ್‌ಗಳು, ಫಿಜಿಯೊಥೆರಪಿಸ್ಟರು ಮತ್ತು ಹಳ್ಳಿಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೂ ಕೊನೆಯಲ್ಲಿ ಕೆಲವು ಮಾತುಗಳಿವೆ.

ಮೊದಲು ಗಮನ, ಆಮೇಲೆ ನೆನಪು

ಇದೊಂದು ಕ್ರಮವನ್ನು ತಪ್ಪಿಸಬೇಡಿ. ಹಲವರು ‘ಮೆಮೊರಿ ಟೆಸ್ಟ್’ ಆ್ಯಪ್ ತೆರೆದು ನೇರವಾಗಿ ಐದು ಪದಗಳನ್ನು ಹೇಳಿ, ಐದು ನಿಮಿಷದ ನಂತರ ಕೇಳುತ್ತಾರೆ. ರೋಗಿ ಹೇಳದಿದ್ದರೆ ‘ಮರೆವಿನ ಕಾಯಿಲೆ’ ಎಂದು ಬರೆಯುತ್ತಾರೆ. ಪದಗಳನ್ನು ಹೇಳುವಾಗ ರೋಗಿ ಕೇಳಿಸಿಕೊಂಡೇ ಇರದಿದ್ದರೆ? ಗಮನ ನಿಲ್ಲದವರ ನೆನಪನ್ನು ಅಳೆಯುವುದೆಂದರೆ ಸೋರುವ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದಂತೆ.

ಡೆಲಿರಿಯಂ ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ಇರುತ್ತದೆ. ಮೊದಲು ಕೆಡುವುದು ಗಮನ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ತಿಂಗಳುಗಳಲ್ಲಿ, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಆರಂಭದಲ್ಲಿ ನೆನಪು ಹೋಗುತ್ತದೆ, ಗಮನ ಬಹುಮಟ್ಟಿಗೆ ಉಳಿದಿರುತ್ತದೆ. ಡೆಲಿರಿಯಂನ ಹಿಂದೆ ಸೋಂಕು, ನಿರ್ಜಲೀಕರಣ, ಔಷಧ, ಕಟ್ಟಿಕೊಂಡ ಮೂತ್ರ ಹೀಗೆ ತುರ್ತಾಗಿ ಸರಿಪಡಿಸಬೇಕಾದ ಕಾರಣವಿರುತ್ತದೆ. ‘ವಯಸ್ಸಾಯಿತು, ಮರೆವು ಸಹಜ’ ಎಂದು ಬಿಟ್ಟರೆ ಆ ಕಾರಣ ಒಳಗೇ ಬೆಳೆಯುತ್ತದೆ. ಡಿಮೆನ್ಷಿಯಾ ಇರುವವರಿಗೇ ಡೆಲಿರಿಯಂ ಹೆಚ್ಚು ಬರುತ್ತದೆ ಎಂಬುದೂ ನೆನಪಿರಲಿ. ‘ಇವರು ಮೊದಲಿನಿಂದಲೂ ಹೀಗೇ’ ಎಂಬ ಮಾತನ್ನು ಒಪ್ಪುವ ಮೊದಲು ‘ಮೊನ್ನೆಯೂ ಇಷ್ಟೇ ಇತ್ತೇ?’ ಎಂದು ಕೇಳಿ.

ಮೊಬೈಲ್ ತೆಗೆಯುವ ಮುನ್ನ

ಗಲಿಬಿಲಿಗೊಂಡ ರೋಗಿಯ ಬಳಿ ಹೋದಾಗ ಮೊದಲು ಗ್ಲುಕೋಮೀಟರ್ ಮತ್ತು ಪಲ್ಸ್ ಆಕ್ಸಿಮೀಟರ್ ಬೇಕು. ಸಕ್ಕರೆ ಕುಸಿದವರಿಗೆ, ಆಮ್ಲಜನಕ ಇಳಿದವರಿಗೆ ಆ್ಯಪ್ ಹಿಡಿದು ಕೂರುವುದು ಅಪಾಯ. ಬಾಯಿ ಒಂದು ಕಡೆ ಸೊಟ್ಟಗಾಗಿದೆಯೇ, ಒಂದು ಕೈ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಿ. ಇದ್ದರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಕಾಣಿಸಿಕೊಂಡಾಗಿನಿಂದ ಸುಮಾರು ನಾಲ್ಕೂವರೆ ಗಂಟೆಗಳಷ್ಟೇ ಸಮಯವಿರುತ್ತದೆ. ಹಳ್ಳಿಯಲ್ಲಿದ್ದರೆ 108ಕ್ಕೆ ಕರೆ ಮಾಡಿ, ಪರೀಕ್ಷೆಯ ಮಾತು ಬಿಡಿ.

ಈ ತುರ್ತು ಯಾವುದೂ ಇಲ್ಲವೆಂದಾದ ಮೇಲೆ ರೋಗಿಯನ್ನು ಅಣಿಗೊಳಿಸಿ. ಕನ್ನಡಕ ಮನೆಯಲ್ಲೇ ಉಳಿದಿದೆಯೇ? ಕಣ್ಣಿಗೆ ಪೊರೆ ಬಂದಿದೆಯೇ? ಕಿವಿಯ ಯಂತ್ರದ ಬ್ಯಾಟರಿ ಇದೆಯೇ? ಕಿವಿ ಕೇಳಿಸದ ಅಜ್ಜಿಗೆ ಮೆಲ್ಲಗೆ ಪ್ರಶ್ನೆ ಕೇಳಿ ಸೊನ್ನೆ ಹಾಕುವುದು ಅನ್ಯಾಯ. ನೋವು ಜೋರಾಗಿದ್ದರೆ, ಮೂತ್ರಕ್ಕೆ ಹೋಗಬೇಕೆಂಬ ಒತ್ತಡವಿದ್ದರೆ, ರಾತ್ರಿಯೆಲ್ಲ ಪಕ್ಕದ ಹಾಸಿಗೆಯ ಗದ್ದಲದಲ್ಲಿ ನಿದ್ದೆ ಇಲ್ಲದಿದ್ದರೆ ಯಾರ ಗಮನವೂ ನಿಲ್ಲುವುದಿಲ್ಲ. ನಿದ್ದೆಯ ಅಥವಾ ನೋವಿನ ಔಷಧವನ್ನು ಕೊನೆಯದಾಗಿ ಎಷ್ಟು ಗಂಟೆಗೆ ಕೊಟ್ಟಿದ್ದಾರೆ ಎಂದು ಚಾರ್ಟ್ ನೋಡಿ ಬರೆದುಕೊಳ್ಳಿ.

ಯಾವ ರೋಗಿಗೆ ಯಾವ ಆ್ಯಪ್?

ಪ್ಲೇ ಸ್ಟೋರ್‌ನಲ್ಲಿ ‘ಬ್ರೇನ್’ ಎಂದು ಹುಡುಕಿದರೆ ಆಟಗಳ ರಾಶಿ ಬೀಳುತ್ತದೆ. ಮಿದುಳಿಗೆ ವ್ಯಾಯಾಮ ಕೊಡುತ್ತೇವೆ ಎನ್ನುವ ಆಟಗಳಿಂದ ರೋಗಿಯನ್ನು ಅಳೆಯಬೇಡಿ. ಅವು ಕೊಡುವ ‘ಮಿದುಳಿನ ವಯಸ್ಸು’ ಚಿಕಿತ್ಸೆಗೆ ಕೆಲಸಕ್ಕೆ ಬಾರದ ಸಂಖ್ಯೆ. ಆ್ಯಪ್ ಮಾಡಿದವರು ಯಾರು, ಆಸ್ಪತ್ರೆಯ ರೋಗಿಗಳ ಮೇಲೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ್ದಾರೆಯೇ, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆಯೇ, ರೋಗಿಯ ಹೆಸರು ಕೇಳುತ್ತದೆಯೇ ಎಂಬುದನ್ನು ನೋಡಿಯೇ ಇಳಿಸಿಕೊಳ್ಳಿ.

ವಾರ್ಡಿನಲ್ಲಿ ದಿನನಿತ್ಯ ಬಳಸಲು ನನ್ನ ಮೊದಲ ಆಯ್ಕೆ ‘ಫೋರ್ ಎಟಿ’. ಡೆಲಿರಿಯಂ ಪತ್ತೆಗೆಂದು ಎಡಿನ್‌ಬರೋದಲ್ಲಿ ರೂಪುಗೊಂಡ, ಉಚಿತವಾಗಿ ಸಿಗುವ, ನಾಲ್ಕೇ ಭಾಗಗಳ ಪರೀಕ್ಷೆ (4AT) ಇದು. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇದಕ್ಕೆ ಮೊಬೈಲಿನಲ್ಲಿ ಬೇಕಾದದ್ದು ಅಂಕ ಕೂಡಿಸುವ ಪುಟವಷ್ಟೇ.

ಅದೇ ಎಡಿನ್‌ಬರೋದ ಸಂಶೋಧಕರು ಮಾಡಿದ ‘ಡೆಲ್‌ಆ್ಯಪ್’ ಕಾಗದದ ಮೇಲೆ ಮಾಡಲಾಗದ ಕೆಲಸವನ್ನು ಫೋನಿನಿಂದ ಮಾಡಿಸುತ್ತದೆ. ಪರದೆಯ ಮೇಲೆ ನಿಧಾನವಾಗಿ, ಒಂದಾದ ಮೇಲೊಂದರಂತೆ ಕಾಣಿಸಿಕೊಳ್ಳುವುದನ್ನು ರೋಗಿ ಎಣಿಸುತ್ತಾ ಹೋಗಬೇಕು. ಓದು ಬೇಡ, ಬರಹ ಬೇಡ, ಬೆರಳಿನ ಚುರುಕೂ ಬೇಡ. ಎಣಿಕೆ ಗೊತ್ತಿದ್ದು ಗಮನ ನಿಂತರೆ ಸಾಕು. ಡಿಮೆನ್ಷಿಯಾ ಮಾತ್ರ ಇರುವವರಿಗಿಂತ ಡೆಲಿರಿಯಂ ಇರುವವರು ಇದರಲ್ಲಿ ಕಡಿಮೆ ಅಂಕ ಪಡೆಯುತ್ತಾರೆ ಎಂಬುದು ಅವರ ಅಧ್ಯಯನಗಳಲ್ಲಿ ಕಂಡುಬಂದಿದೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಇಷ್ಟೊಂದು ಇರುವ ನಮ್ಮ ಭಾಗಕ್ಕೆ ಒಗ್ಗುವುದು ಇಂಥ ಪರೀಕ್ಷೆಯೇ.

ಯಕೃತ್ತಿನ ಸಿರೋಸಿಸ್ ಇರುವವರಲ್ಲಿ ಗಮನ ಸೂಕ್ಷ್ಮವಾಗಿ ಕುಗ್ಗುವುದನ್ನು ಹಿಡಿಯಲು ‘ಎನ್‌ಸೆಫಾಲ್‌ಆ್ಯಪ್ ಸ್ಟ್ರೂಪ್’ ಇದೆ. ಅದರ ಮೊದಲ ಭಾಗದಲ್ಲಿ ಚಿಹ್ನೆಗಳ ಬಣ್ಣ ಗುರುತಿಸಬೇಕು. ಎರಡನೆಯ ಭಾಗದಲ್ಲಿ ‘ಕೆಂಪು’ ಎಂಬ ಪದ ಹಸಿರು ಬಣ್ಣದಲ್ಲಿ ಬರುತ್ತದೆ, ಪದವನ್ನು ಬದಿಗಿಟ್ಟು ಬಣ್ಣವನ್ನು ಒತ್ತಬೇಕು. ಇಲ್ಲೊಂದು ತೊಡಕಿದೆ. ಪದ ತಾನಾಗಿಯೇ ಓದಿಸಿಕೊಂಡಾಗ ಮಾತ್ರ ಗೊಂದಲ ಹುಟ್ಟುತ್ತದೆ. ಇಂಗ್ಲಿಷ್ ಓದಲು ಬಾರದವರಿಗೆ ಇಂಗ್ಲಿಷ್ ಪದ ಬರೀ ಗೆರೆಗಳ ಗುಂಪು. ಅವರು ಎರಡನೆಯ ಭಾಗವನ್ನೂ ಸಲೀಸಾಗಿ ಮುಗಿಸಿಬಿಡಬಹುದು. ಆ ಒಳ್ಳೆಯ ಅಂಕವನ್ನು ನಂಬಬೇಡಿ. ಬಣ್ಣಗುರುಡು ಇರುವವರಿಗೂ ಈ ಪರೀಕ್ಷೆ ಆಗದು. ಅಂಥ ರೋಗಿಗೆ ಫೋನಿನ ಸ್ಟಾಪ್‌ವಾಚ್ ಸಾಕು: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸಿ. ಯಕೃತ್ತಿನ ರೋಗಿಗಳಲ್ಲಿ ಇದೂ ಒಪ್ಪಿತವಾದ ಪರೀಕ್ಷೆಯೇ. ಹೊಲ, ಹಟ್ಟಿಗಳಲ್ಲಿ ಬದುಕಿದವರಿಗೆ ಪ್ರಾಣಿಗಳ ಹೆಸರಿಗೆ ಕೊರತೆಯಿರುವುದಿಲ್ಲ. ಅವರೇ ತಡವರಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಗಮನ ಸರಿಯಿದ್ದು ತಿಂಗಳುಗಳಿಂದ ಮರೆವು ಕಾಡುತ್ತಿರುವವರಿಗೆ ‘ಮೋಕಾ’ದಂಥ ದೊಡ್ಡ ಪರೀಕ್ಷೆಗಳಿವೆ. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಇದರಲ್ಲಿ ಒಟ್ಟು 30 ಅಂಕ. ಮೂಲ ಅಧ್ಯಯನದಲ್ಲಿ 26 ಮತ್ತು ಅದಕ್ಕಿಂತ ಹೆಚ್ಚನ್ನು ಸಹಜ ಎಂದು ಇಟ್ಟುಕೊಂಡಿದ್ದರು. ಕನ್ನಡ ಆವೃತ್ತಿಯೂ ಇದೆ. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರೇ ಇದನ್ನು ಮಾಡಬೇಕೆಂಬ ನಿಯಮವಿದೆ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹಾಳೆಯನ್ನು ಮುದ್ರಿಸಿ ಬಳಸುವುದು ಸರಿಯಲ್ಲ.

ಫೋನನ್ನು ಪರೀಕ್ಷೆಗೆ ಸಿದ್ಧಪಡಿಸಿ

ಏರೋಪ್ಲೇನ್ ಮೋಡ್ ಹಾಕಿ. ಎಣಿಕೆಯ ನಡುವೆ ಬ್ಯಾಂಕಿನ ಸಂದೇಶವೊಂದು ಪರದೆಯ ಮೇಲೆ ಇಳಿದರೆ ಆ ಪರೀಕ್ಷೆ ಕೆಟ್ಟಂತೆ. ಪರದೆ ತಿರುಗದಂತೆ ಲಾಕ್ ಮಾಡಿ, ಬೆಳಕನ್ನು ಪೂರ್ತಿ ಏರಿಸಿ, ಬ್ಯಾಟರಿ ಉಳಿಸುವ ಮೋಡ್ ತೆಗೆಯಿರಿ. ಅದು ಫೋನಿನ ವೇಗವನ್ನೇ ತಗ್ಗಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ, ಐಫೋನಿನಲ್ಲಿ ಗೈಡೆಡ್ ಆಕ್ಸೆಸ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ರೋಗಿಯ ಕೈ ತಾಗಿ ಬೇರೆ ಪುಟ ತೆರೆದುಕೊಳ್ಳುವುದಿಲ್ಲ.

ಮುಟ್ಟಬೇಕಾದ ಪರೀಕ್ಷೆಯಾದರೆ ಬೆರಳು ನೋಡಿ. ಕುಡುಗೋಲು, ಸಲಿಕೆ ಹಿಡಿದು ಜಡ್ಡುಗಟ್ಟಿದ, ಬೇಸಿಗೆಯಲ್ಲಿ ಒಣಗಿ ಬಿರಿದ ಬೆರಳುಗಳನ್ನು ಪರದೆ ಹಲವು ಸಲ ಗುರುತಿಸುವುದಿಲ್ಲ. ರೋಗಿ ಒತ್ತಿದ್ದಾರೆ, ಫೋನ್ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಂಕ ಮಾತ್ರ ರೋಗಿಯದೇ ಕಡಿತವಾಗುತ್ತದೆ. ಒದ್ದೆ ಬಟ್ಟೆಯಿಂದ ಬೆರಳ ತುದಿ ಒರೆಸಿ, ಪರದೆ ಒರೆಸಿ, ದಪ್ಪ ಗಾಜಿನ ಹೊದಿಕೆಯಿದ್ದರೆ ತೆಗೆಯಿರಿ. ಆಗಲೂ ತೊಂದರೆಯಾದರೆ ರೋಗಿ ಬಾಯಿಂದ ಹೇಳಲಿ, ನೀವು ಒತ್ತಿ, ಮತ್ತು ಹಾಗೆ ಮಾಡಿದೆವೆಂದು ಬರೆಯಿರಿ. ಪ್ರತಿಕ್ರಿಯೆಯ ವೇಗ ಅಳೆಯುವ ಪರೀಕ್ಷೆಗಳಲ್ಲಿ ಮಾತ್ರ ಈ ಬದಲಾವಣೆಗೆ ಅವಕಾಶವಿಲ್ಲ.

ಒಬ್ಬ ರೋಗಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಫೋನ್ ಬಳಸಿ. ಬೆರಳು ತಾಗಿದ್ದನ್ನು ಗುರುತಿಸಲು ಪ್ರತಿ ಫೋನೂ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಆ ಸಮಯ ಮಾದರಿಯಿಂದ ಮಾದರಿಗೆ ಬೇರೆ. ಸೋಮವಾರ ಒಬ್ಬರ ಹೊಸ ಫೋನು, ಬುಧವಾರ ಇನ್ನೊಬ್ಬರ ಹಳೆಯ ಫೋನು ಎಂದಾದರೆ ಬದಲಾದದ್ದು ರೋಗಿಯೋ ಫೋನೋ ತಿಳಿಯುವುದಿಲ್ಲ.

ಸಂಬಂಧಿಕರನ್ನು ಜೊತೆಗಿಟ್ಟುಕೊಳ್ಳಿ

ನಮ್ಮ ಕಡೆ ರೋಗಿಯ ಜೊತೆ ಒಬ್ಬರೇ ಇರುವುದು ಅಪರೂಪ. ‘ಅಜ್ಜಾ, ಇದು ಯಾವ ಊರು?’ ಎಂದು ನೀವು ಕೇಳಿದರೆ ಮೊಮ್ಮಗ ಉತ್ತರ ಹೇಳಿಬಿಡುತ್ತಾನೆ. ಅದು ಪ್ರೀತಿಯಿಂದಲೇ, ಅಜ್ಜನಿಗೆ ಅವಮಾನವಾಗಬಾರದೆಂದು. ಗದರಬೇಡಿ. ಮೊದಲೇ ಹೇಳಿ: ‘ಈಗ ಎರಡು ನಿಮಿಷ ಅಜ್ಜ ಒಬ್ಬರೇ ಉತ್ತರ ಕೊಡಲಿ. ತಪ್ಪು ಹೇಳಿದರೂ ನನಗೆ ಉಪಯೋಗವೇ. ಆಮೇಲೆ ನಿಮ್ಮನ್ನೂ ಕೇಳುವುದಿದೆ.’

ನಿಜವಾಗಿ ಅವರನ್ನು ಕೇಳಲೇಬೇಕು. ‘ಇತ್ತೀಚೆಗೆ ಇವರು ಹೆಚ್ಚು ಗಲಿಬಿಲಿಗೊಂಡಂತೆ ಕಾಣುತ್ತಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಡೆಲಿರಿಯಂ ಪತ್ತೆಗೆ ಪರೀಕ್ಷೆಯಾಗಿಯೇ ಬಳಸುತ್ತಾರೆ. ರೋಗಿಯ ಸಹಜ ಸ್ಥಿತಿ ಗೊತ್ತಿರುವುದು ಮನೆಯವರಿಗೆ ಮಾತ್ರ. ಕಳೆದ ವಾರ ಸಂತೆಗೆ ಹೋಗಿ ಲೆಕ್ಕ ಚುಕ್ತಾ ಮಾಡಿ ಬಂದವರು ಇಂದು ಮಗಳನ್ನು ಗುರುತಿಸುತ್ತಿಲ್ಲ ಎಂದರೆ ಬೇರೆ ಪುರಾವೆ ಬೇಕಿಲ್ಲ.

ರೋಗಿಯ ಒಪ್ಪಿಗೆಯನ್ನೂ ಕೇಳಿ. ಫೋನ್ ತೋರಿಸಿ, ‘ಆಯಿ, ಇದರಲ್ಲಿ ನಿಮ್ಮ ಫೋಟೋ ತೆಗೆಯುವುದಿಲ್ಲ. ಇದರ ಮೇಲೆ ಬರುವುದನ್ನು ಎಣಿಸಿ ಹೇಳಿ, ನಿಮ್ಮ ತಲೆ ಎಷ್ಟು ಹಗುರಾಗಿದೆ ಎಂದು ನೋಡುತ್ತೇನೆ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ‘ನಿಮ್ಮ ಬುದ್ಧಿ ಪರೀಕ್ಷೆ ಮಾಡುತ್ತೇವೆ’ ಎಂದು ಮಾತ್ರ ಹೇಳಬೇಡಿ.

ಫೋರ್ ಎಟಿಯನ್ನು ಇಲ್ಲಿ ಕೇಳುವ ಬಗೆ

1. ಎಚ್ಚರ. ರೋಗಿ ನಿದ್ದೆಯಲ್ಲಿದ್ದರೆ ಮಾತಾಡಿಸಿ, ಭುಜ ಮೆಲ್ಲಗೆ ಮುಟ್ಟಿ ಎಬ್ಬಿಸಿ, ಹೆಸರು ಮತ್ತು ಊರು ಕೇಳಿ. ಹತ್ತು ಸೆಕೆಂಡಿನೊಳಗೆ ಸಹಜ ಎಚ್ಚರಕ್ಕೆ ಬಂದರೆ 0. ಎಬ್ಬಿಸಿದರೂ ಮಂಕಾಗಿದ್ದರೆ ಅಥವಾ ಅತಿಯಾಗಿ ಚಡಪಡಿಸುತ್ತಿದ್ದರೆ 4.

2. ನಾಲ್ಕು ಪ್ರಶ್ನೆಗಳು: ವಯಸ್ಸು, ಹುಟ್ಟಿದ ದಿನಾಂಕ, ಈಗ ಇರುವ ಸ್ಥಳ, ಇಸವಿ. ತಪ್ಪಿಲ್ಲದಿದ್ದರೆ 0, ಒಂದು ತಪ್ಪಿಗೆ 1, ಎರಡು ಅಥವಾ ಹೆಚ್ಚು ತಪ್ಪಾದರೆ, ಇಲ್ಲವೇ ಉತ್ತರಿಸಲು ಆಗದ ಸ್ಥಿತಿಯಿದ್ದರೆ 2.

3. ಗಮನ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸಿ. ‘ಡಿಸೆಂಬರ್‌ಗಿಂತ ಮೊದಲಿನ ತಿಂಗಳು ಯಾವುದು?’ ಎಂದು ಒಂದು ಸಲ ನೆನಪಿಸಬಹುದು. ಏಳು ಅಥವಾ ಹೆಚ್ಚು ತಿಂಗಳು ಸರಿಯಾಗಿ ಹೇಳಿದರೆ 0. ಆರಂಭಿಸಿ ಏಳಕ್ಕೆ ಮುಟ್ಟದಿದ್ದರೆ ಅಥವಾ ಹೇಳಲು ಒಲ್ಲೆನೆಂದರೆ 1. ಮಂಕು, ಅಸ್ವಸ್ಥತೆಯಿಂದ ಆರಂಭಿಸಲೂ ಆಗದಿದ್ದರೆ 2.

4. ಹಠಾತ್ ಬದಲಾವಣೆ ಅಥವಾ ಏರಿಳಿತ. ಕಳೆದ ಎರಡು ವಾರಗಳಲ್ಲಿ ಶುರುವಾಗಿ ಕಳೆದ 24 ಗಂಟೆಗಳಲ್ಲೂ ಕಾಣುತ್ತಿರುವ ಬದಲಾವಣೆ ಇದ್ದರೆ 4, ಇಲ್ಲದಿದ್ದರೆ 0.

ಒಟ್ಟು 4 ಅಥವಾ ಹೆಚ್ಚಾದರೆ ಡೆಲಿರಿಯಂ ಇರಬಹುದು. 1ರಿಂದ 3 ಬಂದರೆ ಅರಿವಿನ ಶಕ್ತಿ ಕುಗ್ಗಿರಬಹುದು. 0 ಬಂದರೂ, ನಾಲ್ಕನೆಯ ಭಾಗದ ಮಾಹಿತಿ ಅರೆಬರೆಯಾಗಿದ್ದರೆ, ನಿಶ್ಚಿಂತೆ ಬೇಡ.

ಎರಡನೆಯ ಭಾಗದ ಪ್ರಶ್ನೆಗಳು ಇಲ್ಲಿಯ ಹಿರಿಯರಿಗೆ ಕಾಣುವಷ್ಟು ಸುಲಭವಲ್ಲ. ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಥವಾ ಜೂನ್ 1 ಎಂದಿರುತ್ತದೆ. ಯಾರೋ ಅಂದಾಜಿನಲ್ಲಿ ಬರೆಸಿದ್ದು. ಅದನ್ನು ಹೇಳಲಾಗದ ಅಜ್ಜಿ ಗಲಿಬಿಲಿಗೊಂಡಿಲ್ಲ, ಆ ದಿನಾಂಕ ಅವರ ಬದುಕಿಗೆ ಸಂಬಂಧಿಸಿದ್ದೇ ಅಲ್ಲ. ಆರೋಗ್ಯವಾಗಿದ್ದಾಗ ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರೇ ಎಂದು ಮನೆಯವರನ್ನು ಕೇಳಿ, ಉತ್ತರವನ್ನು ಅಂಕದ ಪಕ್ಕದಲ್ಲಿ ಬರೆಯಿರಿ.

ಸ್ಥಳದ ಪ್ರಶ್ನೆಯಲ್ಲೂ ಎಚ್ಚರ ಬೇಕು. ಬೆಳಗಾವಿಗೆ ಬೆಳಗಾಂ ಎಂದರೂ ವಿಜಯಪುರಕ್ಕೆ ಬಿಜಾಪುರ ಎಂದರೂ ಸರಿಯೇ. ಅಧಿಕೃತ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಅದು ಬಿಜಾಪುರ ಜಿಲ್ಲೆಯ ಭಾಗ. ಜಮಖಂಡಿಯ ಎಂಬತ್ತರ ಅಜ್ಜ ‘ಬಿಜಾಪುರ ಜಿಲ್ಲೆ’ ಎಂದರೆ ಬದುಕಿನ ಬಹುಪಾಲು ಹೇಳಿಕೊಂಡು ಬಂದದ್ದನ್ನೇ ಹೇಳಿದ್ದಾರೆ. ಆದ್ದರಿಂದ ಜಿಲ್ಲೆಯನ್ನು ಕೇಳುವ ಬದಲು ‘ನಾವೀಗ ಇರುವುದು ಮನೆಯೋ, ಆಸ್ಪತ್ರೆಯೋ? ಯಾವ ಊರಿನಲ್ಲಿ?’ ಎಂದು ಕೇಳಿ.

ತಿಂಗಳುಗಳ ಮಾತಂತೂ ಇನ್ನೂ ಸೂಕ್ಷ್ಮ. ಮೊದಲು ಮುಂದಕ್ಕೆ ಹೇಳಿಸಿ ನೋಡಿ. ಜನವರಿ, ಫೆಬ್ರವರಿ ಎಂದು ಮುಂದಕ್ಕೇ ಬಾರದವರಿಗೆ ಹಿಂದಕ್ಕೆ ಹೇಳಿ ಎನ್ನುವುದು ವ್ಯರ್ಥ. ಚೈತ್ರ, ವೈಶಾಖ ಬಲ್ಲವರಿಗೆ ಫಾಲ್ಗುಣದಿಂದ ಹಿಂದಕ್ಕೆ ಹೇಳಿಸಬಹುದು. ಅದೂ ಆಗದಿದ್ದರೆ ವಾರಗಳನ್ನು ಹಿಂದಕ್ಕೆ ಹೇಳಿಸಿ. ಭಾನುವಾರ ಎನ್ನಲಿ, ರವಿವಾರ ಎನ್ನಲಿ, ಐತವಾರ ಎನ್ನಲಿ, ಉರ್ದು ಮಾತಾಡುವವರು ಜುಮ್ಮಾ, ಜುಮ್ಮೆರಾತ್ ಎನ್ನಲಿ, ಎಲ್ಲವೂ ಸರಿ. ಹೀಗೆ ಬದಲಿಸಿದಾಗ ‘ತಿಂಗಳ ಬದಲು ವಾರ’ ಎಂದು ತಪ್ಪದೆ ಬರೆಯಿರಿ, ಏಕೆಂದರೆ ಏಳು ವಾರ ಹೇಳುವುದು ಹನ್ನೆರಡು ತಿಂಗಳು ಹೇಳುವುದಕ್ಕಿಂತ ಸುಲಭ.

ಈ ಪರೀಕ್ಷೆ ನನಗೆ ಹಿಡಿಸಲು ಒಂದು ಕಾರಣವಿದೆ. ನಾಲ್ಕು ನಾಲ್ಕು ಅಂಕಗಳಿರುವ ಎರಡು ಭಾಗಗಳು, ಅಂದರೆ ಎಚ್ಚರ ಮತ್ತು ಹಠಾತ್ ಬದಲಾವಣೆ, ಎರಡಕ್ಕೂ ಅಕ್ಷರ ಜ್ಞಾನ ಬೇಡ. ಶಾಲೆ ಕಾಣದ ರೋಗಿಯ ಡೆಲಿರಿಯಂ ಕೂಡ ಇಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಪರದೆಯ ಪರೀಕ್ಷೆ

ರೋಗಿಯನ್ನು ಒರಗಿಸಿ ಕೂರಿಸಿ. ಕಿಟಕಿಯ ಬೆಳಕು ಪರದೆಗೆ ಹೊಡೆಯದಂತೆ ನೋಡಿ. ಫೋನನ್ನು ನೀವೇ ಹಿಡಿಯಿರಿ, ಮೊಳದಷ್ಟು ದೂರದಲ್ಲಿ, ಮುಖದ ನೇರಕ್ಕೆ. ಕೀಪ್ಯಾಡ್ ಫೋನನ್ನೇ ಬಳಸುವ ಹಿರಿಯರಿಗೆ ಹೊಳೆಯುವ ಪರದೆ ಹೊಸದು. ಮೊದಲು ಅದನ್ನು ಮುಟ್ಟಿ ನೋಡಲು ಬಿಡಿ, ಅಭ್ಯಾಸದ ಸುತ್ತನ್ನು ಮಾಡಿಸಿ, ಅರ್ಥವಾಯಿತೇ ಎಂದು ಅವರ ಬಾಯಿಂದಲೇ ಹೇಳಿಸಿ. ಅಭ್ಯಾಸದಲ್ಲಿ ಒಂದೆರಡನ್ನೂ ಎಣಿಸಲಾಗದವರನ್ನು ಉದ್ದದ ಸುತ್ತಿಗೆ ಎಳೆಯಬೇಡಿ. ‘ಅಭ್ಯಾಸದಲ್ಲೇ ನಿಂತಿತು’ ಎಂಬುದೇ ಫಲಿತಾಂಶ.

ಪರೀಕ್ಷೆ ನಡೆಯುವಾಗ ನಿಮ್ಮ ಕಣ್ಣು ರೋಗಿಯ ಮೇಲಿರಲಿ. ನೋಟ ಎಷ್ಟು ಬೇಗ ಫ್ಯಾನಿನ ಕಡೆಗೆ ಹೋಯಿತು? ನಡುವೆ ‘ಏನು ಮಾಡಬೇಕಿತ್ತು?’ ಎಂದು ಕೇಳಿದರೇ? ಮೂರರ ನಂತರ ಎಣಿಕೆ ಬಿಟ್ಟು ದನದ ಮಾತಿಗೆ ಹೊರಳಿದರೇ? ರೆಪ್ಪೆ ಭಾರವಾಯಿತೇ? ಆ್ಯಪ್ ಕೊಡುವ ಅಂಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಈ ಸಾಲುಗಳು ಮರುದಿನದ ವೈದ್ಯರಿಗೆ ನೆರವಾಗುತ್ತವೆ. ಪಾರ್ಶ್ವವಾಯುವಾದವರು ಪರದೆಯ ಎಡಭಾಗವನ್ನೇ ಗಮನಿಸದಿರಬಹುದು. ಮಾತಿನ ಕೇಂದ್ರಕ್ಕೆ ಪೆಟ್ಟಾಗಿದ್ದರೆ ಎಣಿಸಿದ್ದನ್ನು ಹೇಳಲಾಗದಿರಬಹುದು. ಅಂಥವರಿಗೆ ಕಡಿಮೆ ಅಂಕ ಬಂದರೆ ಅದನ್ನು ಗಮನದ ಲೆಕ್ಕಕ್ಕೆ ಹಾಕಬೇಡಿ.

ಭಾಷೆ, ಶಾಲೆ

ಬೆಳಗಾವಿಯ ವಾರ್ಡಿನಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು, ತಾಂಡಾಗಳಿಂದ ಬಂದವರ ಲಂಬಾಣಿ: ರೋಗಿ ಮನೆಯಲ್ಲಿ ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಾರೋ ಅದರಲ್ಲೇ ಕೇಳಿ. ಎಣಿಕೆ, ವಾರ, ಊರುಗಳಂಥ ಪ್ರಶ್ನೆಗಳನ್ನು ಸಿಬ್ಬಂದಿಯಲ್ಲಿ ಯಾರಾದರೂ ಅನುವಾದಿಸಿ ಕೇಳಿದರೆ ಅಡ್ಡಿಯಿಲ್ಲ. ಪದಗಳ ಪಟ್ಟಿ ನೆನಪಿಡುವುದು, ವಾಕ್ಯ ಮರುಹೇಳುವುದು, ಒಂದೇ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳುವುದು ಇಂಥವನ್ನು ಮಾತ್ರ ಅಲ್ಲಿಯೇ ಅನುವಾದಿಸಿ ಅಂಕ ಕೊಡಬೇಡಿ. ಪದ ಬದಲಾದರೆ ಪರೀಕ್ಷೆಯ ಕಷ್ಟವೂ ಬದಲಾಗುತ್ತದೆ.

ಗಡಿಯಾರದ ಚಿತ್ರ ಬಿಡಿಸುವ ಪರೀಕ್ಷೆಯನ್ನು ಪೆನ್ನು ಹಿಡಿಯದ ಕೈಗೆ ಕೊಡುವುದು ಬೇಡ. ನೂರರಿಂದ ಏಳೇಳು ಕಳೆಯುವ ಲೆಕ್ಕ ಬಾರದವರಿಗೆ ನೂರು ರೂಪಾಯಿಗೆ ಮೂವತ್ತೈದರ ಸಾಮಾನು ಕೊಂಡರೆ ಚಿಲ್ಲರೆ ಎಷ್ಟು ಎಂದು ಕೇಳಿದರೆ ತಟ್ಟನೆ ಉತ್ತರ ಬಂದೀತು. ಅಂಕಕ್ಕೆ ಸೇರಿಸದಿದ್ದರೂ ರೋಗಿಯ ನಿಜವಾದ ಶಕ್ತಿ ನಿಮಗೆ ಗೊತ್ತಾಗುತ್ತದೆ. ಮೋಕಾದಲ್ಲಿ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಶಾಲೆಗೇ ಹೋಗದವರಿಗೆ ಆ ಒಂದು ಅಂಕ ಎಲ್ಲಿಗೂ ಸಾಲದು. ಕಡಿಮೆ ಓದಿದವರಿಗೆಂದೇ ‘ಮೋಕಾ ಬೇಸಿಕ್’ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಪೆಟ್ಟಿಗೆಯನ್ನೇ ಸಿದ್ಧಪಡಿಸಿದೆ. ಮನಶ್ಶಾಸ್ತ್ರಜ್ಞರಿರುವ ಆಸ್ಪತ್ರೆಗೆ ಕಳಿಸುವಾಗ ಅದನ್ನು ಕೇಳಿ.

ಅಂಕವನ್ನು ಓದುವ ಬಗೆ

ಈ ಆ್ಯಪ್‌ಗಳ ‘ಸಹಜ’ ಅಂಕಗಳು ಹೆಚ್ಚಾಗಿ ಹೊರದೇಶದವರ, ಶಾಲೆ ಕಲಿತವರ ಅಂಕಗಳಿಂದ ಬಂದವು. ಅವುಗಳಿಗೆ ಹೋಲಿಸಿ ನಮ್ಮ ರೋಗಿಗೆ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ರೋಗಿಯನ್ನು ಅವರ ಜೊತೆಯೇ ಹೋಲಿಸಿ: ನಿನ್ನೆಯ ಅಂಕ, ಇವತ್ತಿನ ಅಂಕ.

ಉದಾಹರಣೆಗೆ ಹೀಗೆಂದುಕೊಳ್ಳಿ. ಸೊಂಟದ ಮೂಳೆ ಮುರಿದು ಬಂದ ಎಪ್ಪತ್ತೆರಡರ ರೈತರೊಬ್ಬರು. ಶಸ್ತ್ರಚಿಕಿತ್ಸೆಗೆ ಮುನ್ನ ಫೋರ್ ಎಟಿ ಅಂಕ 1, ಹುಟ್ಟಿದ ದಿನಾಂಕ ಗೊತ್ತಿಲ್ಲ. ವಾರಗಳನ್ನು ಹಿಂದಕ್ಕೆ ಪೂರ್ತಿ ಹೇಳಿದ್ದಾರೆ. ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆಯೂ 1. ಸಂಜೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮಂಕು, ವಾರಗಳಲ್ಲಿ ಎರಡಕ್ಕೆ ನಿಂತರು, ‘ಮಧ್ಯಾಹ್ನದಿಂದ ಹೀಗೆ’ ಎನ್ನುತ್ತಾಳೆ ಸೊಸೆ. ಬೆಳಿಗ್ಗೆ ಮಾತ್ರ ಅಳೆದಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಆದ್ದರಿಂದ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ ಅಳೆಯಿರಿ. ಶಸ್ತ್ರಚಿಕಿತ್ಸೆಗೆ ಮುನ್ನವೇ ಒಂದು ಅಳತೆ ಇದ್ದರೆ ಮುಂದಿನದೆಲ್ಲ ಸುಲಭ.

ಅಂಕ ಏರಿದರೂ ಯೋಚಿಸಿ. ಒಂದೇ ಆಟವನ್ನು ಮತ್ತೆ ಮತ್ತೆ ಆಡಿದರೆ ಕೈ ಪಳಗುತ್ತದೆ. ಪ್ರತಿಕ್ರಿಯೆಯ ವೇಗದ ಪರೀಕ್ಷೆಗಳಲ್ಲಿ, ಪದಗಳ ಪಟ್ಟಿಗಳಲ್ಲಿ ಇದು ಸಾಮಾನ್ಯ. ಪಟ್ಟಿ ಬದಲಿಸುವ ಅವಕಾಶವಿದ್ದರೆ ಬದಲಿಸಿ.

ಬರೆಯುವುದು, ಕಾಪಾಡುವುದು

ಕೇಸ್ ಶೀಟಿನಲ್ಲಿ ಒಂದು ಸಾಲು ಸಾಕು: ದಿನಾಂಕ, ಸಮಯ, ಪರೀಕ್ಷೆಯ ಹೆಸರು, ಯಾವ ಭಾಷೆ, ಕನ್ನಡಕ ಇತ್ತೇ, ಅಂಕ, ಮತ್ತು ನೀವು ಕಂಡದ್ದು. ಫೋನಿನಲ್ಲಿ ರೋಗಿಯ ಹೆಸರು ಹಾಕಬೇಡಿ. ಆ್ಯಪ್ ಕೇಳಿದರೆ ನಿಮಗಷ್ಟೇ ತಿಳಿಯುವ ಒಂದು ಸಂಕೇತ ಕೊಡಿ. ಪರದೆಯ ಚಿತ್ರ ತೆಗೆದು ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕೂಡ ಒಪ್ಪಿಗೆಯ ಮಾತು ಹೇಳುತ್ತದೆ. ಕಾನೂನು ಇಲ್ಲದಿದ್ದರೂ, ಗಲಿಬಿಲಿಯಲ್ಲಿ ಆಡಿದ ಮಾತು ಊರೆಲ್ಲ ಹರಡಬಾರದೆಂಬುದು ಯಾರಿಗಾದರೂ ಅರ್ಥವಾಗುವ ಮಾತು.

ಅಂಕ ಬಂದ ಮೇಲೆ

ಫೋರ್ ಎಟಿ ಅಂಕ 4 ಅಥವಾ ಹೆಚ್ಚಾದರೆ ಕೂಡಲೇ ವೈದ್ಯರಿಗೆ ಹೇಳಿ, ಕಾರಣ ಹುಡುಕಲು ಶುರು ಮಾಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ವಿಜಯಪುರ, ಬಾಗಲಕೋಟೆಗಳ ಬಿಸಿಲು 40 ಡಿಗ್ರಿ ದಾಟಿದಾಗ ನಿರ್ಜಲೀಕರಣ, ಸೋಡಿಯಂ ಏರುಪೇರು ಮೊದಲು ಮನಸ್ಸಿಗೆ ಬರಬೇಕು. ಮೂತ್ರದ ಸೋಂಕು, ನ್ಯುಮೋನಿಯಾ, ಕಟ್ಟಿದ ಮೂತ್ರ, ಮಲಬದ್ಧತೆ, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ ಅಥವಾ ಅಲರ್ಜಿ ಮಾತ್ರೆ, ಎಲ್ಲವನ್ನೂ ನೋಡಿ. ಮೂಳೆ ಮುರಿದು ದಾಖಲಾದವರು ಎರಡು, ಮೂರು ದಿನಗಳ ನಂತರ ನಡುಗಿ, ಬೆವರಿ, ಇಲ್ಲದ್ದನ್ನು ಕಾಣತೊಡಗಿದರೆ ಕುಡಿತದ ಇತಿಹಾಸ ಕೇಳಿ. ಮದ್ಯ ನಿಂತದ್ದರಿಂದ ಬರುವ ಡೆಲಿರಿಯಂ ಪ್ರಾಣಕ್ಕೆ ಎರವಾಗಬಲ್ಲದು, ಥಯಾಮಿನ್ (ಬಿ1 ವಿಟಮಿನ್) ಸಕಾಲದಲ್ಲಿ ಸಿಗಬೇಕು.

ಚಿಕಿತ್ಸೆಯ ಜೊತೆಗೆ, ಕನ್ನಡಕ ಕೊಡಿಸಿ, ನೀರು ಕುಡಿಸಿ, ಹಗಲು ಬೆಳಕಿರಲಿ, ರಾತ್ರಿ ಕತ್ತಲೆ ಇರಲಿ, ಗೋಡೆ ಗಡಿಯಾರ ಕಾಣುವಂತೆ ಹಾಸಿಗೆ ತಿರುಗಿಸಿ, ಪರಿಚಿತ ಮುಖವೊಂದು ಬಳಿಯಿರಲಿ. ಕೈಕಾಲು ಕಟ್ಟುವುದು ಗಲಿಬಿಲಿಯನ್ನು ಹೆಚ್ಚಿಸುತ್ತದೆ.

ಗಮನ ಚೆನ್ನಾಗಿದ್ದು ನೆನಪು ಮಾತ್ರ ಕುಗ್ಗಿದ್ದರೆ ಅವಸರವಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಗಳನ್ನು ಪರೀಕ್ಷಿಸಿ, ಇವು ವಾಸಿಯಾಗುವಂಥವು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಯೋಜನೆಯ ಕ್ಲಿನಿಕ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವಾಗ ನಿಮ್ಮ ಅಂಕಗಳ ಹಾಳೆಯನ್ನೂ ಜೊತೆಗೆ ಕೊಡಿ.

ಮನೆಯಲ್ಲಿರುವವರಿಗೆ

ನಿಮ್ಮ ತಂದೆ ತಾಯಿಗೆ ಆ್ಯಪ್ ಹಿಡಿದು ನೀವೇ ರೋಗ ನಿರ್ಣಯ ಮಾಡಬೇಡಿ. ಮನೆಯ ಊಟದ ತಟ್ಟೆಯ ಮುಂದೆ ದಿನವೂ ಪರೀಕ್ಷೆ ಎದುರಿಸುವುದು ಯಾವ ಹಿರಿಯರಿಗೂ ನೋವಿನ ಸಂಗತಿ. ಫೋನಿನ ಟಿಪ್ಪಣಿ ಪುಟದಲ್ಲಿ ಮೂರು ವಿಷಯ ಬರೆಯಿರಿ: ಏನು ಬದಲಾಯಿತು, ಎಂದಿನಿಂದ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯ ಫೋಟೋ ತೆಗೆದಿಡಿ, ನಾಟಿ ಔಷಧವನ್ನೂ ಸೇರಿಸಿ. ಒಂದೆರಡು ದಿನಗಳಲ್ಲಿ ಶುರುವಾದ ಗಲಿಬಿಲಿಯಾದರೆ ಅಂದೇ ಆಸ್ಪತ್ರೆಗೆ ಹೊರಡಿ. ತಿಂಗಳುಗಳಿಂದ ಇರುವ ಮರೆವು, ಮಂಕು, ಬೇಸರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಯಲ್ಲಿ ಡೆಲಿರಿಯಂ ಆಗಿ ಮನೆಗೆ ಮರಳಿದವರಿಗೆ ಪೂರ್ತಿ ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಬಿಡುಗಡೆಯ ದಿನದ ಅಂಕವನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಂಡು, ಮರುಭೇಟಿಗೆ ಹೋದಾಗ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಲು ಕೇಳಿಕೊಳ್ಳಿ.